ನೂರಾ ನಲವತ್ತಾರು ಮಂದಿ ನಂಬಿದ ಬುಧವಾರ

ಬೆಳಗಿನ ನಾಲ್ಕೂವರೆ. ಬನಶಂಕರಿ ಮೂರನೇ ಹಂತ ದಾಟಿದ ಮೇಲೆ ಸಿಗುವ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ನೆಲಮಹಡಿಯ ಕಡೇ ಕೋಣೆ. ಡಾ. ಅನ್ನಪೂರ್ಣ ಸವಡಿ ಟ್ಯೂಬ್‌ಲೈಟ್ ಆರಿಸುತ್ತಾರೆ, ಫ್ಯಾನ್ ಆರಿಸುತ್ತಾರೆ, ಆಮೇಲೆ ನನ್ನ ಮೊಬೈಲನ್ನೂ ಕೇಳಿ ಪಡೆದು, ಆಫ್ ಮಾಡಿ, ಕಾರಿಡಾರಿನ ಕಿಟಕಿಯ ಮೇಲಿಟ್ಟು ಬರುತ್ತಾರೆ. ಮೇಜಿನ ಮೇಲೆ ಅಂಗೈಯಗಲದ ಹಸಿರು ಬೋರ್ಡು, ಅದರ ನಡುವೆ ಒಂದು ಕರಿ ಚಿಪ್. ಪಕ್ಕದಲ್ಲಿ ಕರೆಂಟಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನ ಪರದೆಯಲ್ಲಿ ಒಂದು ಗೆರೆ ಎದ್ದು ಬಿದ್ದು ಓಡುತ್ತಿದೆ. ಅವರು ಕನ್ನಡಕವನ್ನು ಹಣೆಗೇರಿಸಿ, ಸ್ವೆಟರಿನ ತೋಳು ಸರಿಸಿ, ಆ ಗೆರೆಯನ್ನೇ ನೋಡುತ್ತ ಕೂರುತ್ತಾರೆ.

“ಮಾತಾಡ್ರಿ, ಮಾತಿಗೆ ಏನೂ ಆಗಂಗಿಲ್ಲ. ಫೋನ್ ಒಂದು ಬ್ಯಾಡ. ಆರು ಗಂಟೆ ತನಕ ನನಗ ಕರೆಂಟ್ ಸ್ವಚ್ಛ ಇರಬೇಕು,” ಎನ್ನುತ್ತಾರೆ.

ಪತ್ರಿಕೆಯವರು ಬರುತ್ತಾರೆಂದು ಗೊತ್ತಾದರೆ ಎಂಥ ಸೋಮಾರಿಯೂ ಬೆಳಗಿನ ಜಾವ ಏಳುತ್ತಾನೆ. ಹದಿನಾಲ್ಕು ವರ್ಷ ಪುರವಣಿಗೆ ಬರೆದು ನಾನು ಕಲಿತದ್ದು ಇಷ್ಟೇ. ಆದ್ದರಿಂದ ಮಾರನೆಯ ದಿನ ಹೇಳದೆ ಕೇಳದೆ ಮತ್ತೆ ಹೋಗುತ್ತೇನೆ. ಅವರ ಸ್ಕೂಟಿ ಅಲ್ಲೇ ನಿಂತಿದೆ. ಎಂಜಿನ್ ಮುಟ್ಟಿ ನೋಡುತ್ತೇನೆ, ತಣ್ಣಗಾಗಿದೆ. ನನಗಿಂತ ಬಹಳ ಮೊದಲೇ ಬಂದಿದ್ದಾರೆ. ಗೇಟಿನ ಕಾವಲುಗಾರನನ್ನು ಪಕ್ಕಕ್ಕೆ ಕರೆದು ಎಷ್ಟು ದಿನದಿಂದ ಹೀಗೆ ಎಂದು ಕೇಳುತ್ತೇನೆ. “ಏಪ್ರಿಲ್‌ನಿಂದ ದಿನಾ ಹಿಂಗೇ ಸಾರ್. ಭಾನ್ವಾರನೂ ಬಿಡಲ್ಲ. ಬೀಗ ತೆಗೆಯೋಕೆ ನನ್ನೇ ಎಬ್ಬುಸ್ತಾರೆ,” ಎಂದು ಆತ ಆಕಳಿಸುತ್ತಾನೆ. ಇದು ೨೦೦೭ರ ನವೆಂಬರ್. ಏಳು ತಿಂಗಳಿಂದ ಯಾರೂ ನನಗಾಗಿ ನಾಟಕ ಆಡಿರಲಾರರು.

ನಾನು ಇಲ್ಲಿಗೆ ಹೊಗಳಿ ಬರೆಯಲು ಬಂದವನಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಕ್ಟೋಬರಿನಲ್ಲಿ ನಮ್ಮ ಕಚೇರಿಗೆ ಹೆಸರಿಲ್ಲದ ಒಂದು ಪತ್ರ ಬಂತು. ಟೈಪ್ ಮಾಡಿದ್ದು, ನಾಲ್ಕೇ ಸಾಲು. ಈ ಕಾಲೇಜಿನ ಸಹಾಯಕ ಪ್ರಾಧ್ಯಾಪಕಿಯೊಬ್ಬರು ಡಿಸೆಂಬರ್ ನಾಲ್ಕರಂದು ಪ್ರೊಫೆಸರ್ ಹುದ್ದೆಯ ಸಂದರ್ಶನಕ್ಕೆ ಕೂರುತ್ತಿದ್ದಾರೆ, ಅವರ ಒಂದು ಪ್ರಬಂಧಕ್ಕೆ ನೂರಾ ನಲವತ್ತಾರು ಉಲ್ಲೇಖಗಳಿವೆ ಎಂಬುದೇ ಅವರ ಬಂಡವಾಳ, ಆ ಲೆಕ್ಕದಲ್ಲಿ ಮೋಸವಿದೆ, ವಿಚಾರಿಸಿ ಎಂದಿತ್ತು.

ಉಲ್ಲೇಖವೆಂದರೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಮ್ಮ ಬರಹದಲ್ಲಿ ಆಧಾರವಾಗಿ ಹೆಸರಿಸುವುದು. ಎಷ್ಟು ಜನ ಹೆಸರಿಸಿದರೆ ಅಷ್ಟು ತೂಕ. ಬಡ್ತಿ ಕೊಡುವವರು ಪ್ರಬಂಧವನ್ನು ಓದುತ್ತಾರೋ ಇಲ್ಲವೋ, ಈ ಸಂಖ್ಯೆಯನ್ನಂತೂ ಓದುತ್ತಾರೆ. ಸ್ನೇಹಿತರನ್ನು ಹಿಡಿದು ಇದನ್ನು ಏರಿಸಿಕೊಳ್ಳುವವರಿದ್ದಾರೆ, ತಮ್ಮನ್ನು ತಾವೇ ಉಲ್ಲೇಖಿಸಿಕೊಂಡು ಗುಡ್ಡೆ ಹಾಕುವವರೂ ಇದ್ದಾರೆ. ನನಗೆ ವಾಸನೆ ಬಡಿಯಿತು. ಜಯನಗರ ನಾಲ್ಕನೇ ಬ್ಲಾಕಿನ ಇಂಟರ್‌ನೆಟ್ ಸೆಂಟರಿನಲ್ಲಿ ಮೂರು ಮಧ್ಯಾಹ್ನ ಕೂತು ನೂರಾ ನಲವತ್ತಾರನ್ನೂ ಒಂದೊಂದಾಗಿ ತೆಗೆದು ನೋಡಿದೆ. ಒಂಬತ್ತು ಅವರದೇ. ಐದು ಅವರ ಹಳೆಯ ವಿದ್ಯಾರ್ಥಿಗಳದು. ಉಳಿದವೆಲ್ಲ ಅವರ ಮುಖ ಕಂಡಿರದ ಜನರವು, ಇಪ್ಪತ್ತಕ್ಕೂ ಹೆಚ್ಚು ದೇಶಗಳವು. ಲೆಕ್ಕದಲ್ಲಿ ಮೋಸವಿಲ್ಲ. ಸತ್ಯ ಹೇಳಬೇಕೆಂದರೆ ನನಗೆ ನಿರಾಸೆಯೇ ಆಯಿತು.

ಅವರು ಮಾಡುವ ಕೆಲಸವೇ ಸಂಶಯದ ಕೆಲಸ. ಬ್ಯಾಂಕಿನ ಕಾರ್ಡು, ಫೋನಿನ ಸಿಮ್ಮು, ಇವುಗಳ ಚಿಪ್‌ನೊಳಗೆ ಗುಟ್ಟಿನ ಅಂಕಿಗಳಿರುತ್ತವೆ. ಹೊರಗಿನಿಂದ ಅವುಗಳನ್ನು ಓದಲಾಗದು. ಆದರೆ ಚಿಪ್ ಆ ಅಂಕಿಗಳನ್ನು ಬಳಸಿ ಲೆಕ್ಕ ಮಾಡುವಾಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಕರೆಂಟು ಎಳೆಯುತ್ತದೆ. ಕೂದಲೆಳೆಯಷ್ಟು ವ್ಯತ್ಯಾಸ. ಅದನ್ನು ಸಾವಿರಾರು ಸಲ ಅಳೆದು ಕೂಡಿಸಿ ನೋಡಿದರೆ ಒಳಗಿನ ಗುಟ್ಟು ಹೊರಗೆ ಬಂದುಬಿಡುತ್ತದೆ. ಈ ಸೋರಿಕೆಯನ್ನು ನಿಲ್ಲಿಸುವ ಸರ್ಕ್ಯೂಟುಗಳನ್ನು ಕಟ್ಟುವುದೇ ಇವರ ಸಂಶೋಧನೆ.

ಇದು ಹೇಗೆ ಹೊಳೆಯಿತು ಎಂದರೆ ಅವರು ಯಾವ ಪುಸ್ತಕದ ಹೆಸರನ್ನೂ ಹೇಳುವುದಿಲ್ಲ, ಬಿಟಿಎಂ ಲೇಔಟಿನ ತಮ್ಮ ಮೊದಲ ಮನೆಯ ಓನರ್ ಸಪ್ಪಲಮ್ಮನವರ ಹೆಸರು ಹೇಳುತ್ತಾರೆ. ರೋಣ ತಾಲ್ಲೂಕಿನ ಪ್ರಾಥಮಿಕ ಶಾಲೆ ಮೇಷ್ಟ್ರ ಮಗಳು ಅನ್ನಪೂರ್ಣ ಬಾಗಲಕೋಟೆಯಲ್ಲಿ ಬಿ.ಇ. ಮುಗಿಸಿ ೧೯೯೪ರಲ್ಲಿ ಬೆಂಗಳೂರಿಗೆ ಬಂದಾಗ ಸಿಕ್ಕಿದ್ದು ಮಹಡಿ ಮೇಲಿನ ಒಂಟಿ ಕೋಣೆ. ನೀರು ಕಾಯಿಸಲು ಕರೆಂಟಿನ ಕಾಯಿಲ್ ಬಳಸಬಾರದು ಎಂಬುದು ಓನರ್ ಹಾಕಿದ್ದ ಮೊದಲ ಷರತ್ತು.

“ಚಳಿಗಾಲ್ದಾಗ ತಣ್ಣೀರು ಹೆಂಗ್ ಹಾಕ್ಕೋಬೇಕ್ರಿ? ಬಾಗಿಲ ಹಾಕಿ, ಕಿಟಕಿ ಹಾಕಿ, ಕದ್ದು ಕಾಯಿಲ್ ಇಡತಿದ್ದೆ. ಐದು ನಿಮಿಷ ಆಗಿರಂಗಿಲ್ಲ, ಕೆಳಗಿಂದ ಕೂಗು. ‘ಅನ್ನಪೂರ್ಣಾ, ಕಾಯಿಲ್ ಹಾಕಿದ್ಯಾ? ಮೀಟ್ರು ಗಿರಗಿರ ಅಂತೈತೆ ನೋಡು!’ ಅಂತ. ಇಸ್ತ್ರಿ ಪೆಟ್ಟಿಗಿ ಯಾವುದು, ಕಾಯಿಲ್ ಯಾವುದು, ಮೀಟರ್ ತಿರುಗೂದು ನೋಡೇ ಹೇಳ್ತಿದ್ರು ಆಕಿ. ಒಳಗ ಬಂದು ನೋಡೂ ಜರೂರೇ ಇರಲಿಲ್ಲ. ನನ್ನ ಫೀಲ್ಡಿನ ಮೊದಲ ಗುರು ಅವರೇ,” ಎಂದು ನಗುತ್ತಾರೆ.

೧೯೯೬ರಲ್ಲಿ ಈ ಕಾಲೇಜು ಸೇರಿದರು. ವಾರಕ್ಕೆ ಹದಿನೆಂಟು ಗಂಟೆ ಪಾಠ, ಪರೀಕ್ಷೆಯ ಕೊಠಡಿ ಕಾಯುವುದು, ಉತ್ತರಪತ್ರಿಕೆ ತಿದ್ದುವುದು, ಇವುಗಳ ಸಂದಿಯಲ್ಲೇ ಪಿಎಚ್‌ಡಿ. ಆಸಿಲೋಸ್ಕೋಪು ಯಾವುದೋ ಮುಚ್ಚಿದ ಕಾರ್ಖಾನೆಯದು. ಅದನ್ನು ಬಿಚ್ಚಿ ಮತ್ತೆ ಜೀವ ಕೊಟ್ಟವರು ಪ್ರಯೋಗಾಲಯದ ಅಟೆಂಡರ್ ಚಲುವರಾಜು. ಅವರಿಗೀಗ ಐವತ್ತೇಳು, ಮುಂದಿನ ವರ್ಷ ನಿವೃತ್ತಿ. “ಮೇಡಂ ಪೇಪರ್ ಬರೀತಾರೆ ಸಾರ್, ನಾನು ಬೆಸುಗೆ ಹಾಕ್ತೀನಿ. ಅಳತೆ ಪುಸ್ತಕ ಬರೆಯೋದೂ ನಂದೇ ಕೆಲ್ಸ,” ಎನ್ನುತ್ತಾರೆ. ೨೦೦೨ರಲ್ಲಿ ಆ ಹೆಸರಾಂತ ಪ್ರಬಂಧ ಹೊರಬಂತು. ಇವರು ಕಟ್ಟಿದ ಜೋಡಿ ಸರ್ಕ್ಯೂಟಿನಲ್ಲಿ ಒಂದು ಭಾಗ ಹೆಚ್ಚು ಕರೆಂಟು ಎಳೆದಾಗ ಇನ್ನೊಂದು ಕಡಿಮೆ ಎಳೆದು ಒಟ್ಟು ಸಮ ಮಾಡುತ್ತದೆ. ಇಪ್ಪತ್ತು ಸಾವಿರ ಸಲ ಅಳೆದರೂ ಗುಟ್ಟು ಸೋರಲಿಲ್ಲ ಎಂಬುದು ಅದರ ಸಾರ. ಹೊರಗಿನವರು ಮೆಚ್ಚಿದರು, ಉಲ್ಲೇಖಿಸಿದರು. ಕಾಲೇಜಿನ ಪ್ರವೇಶ ಕೈಪಿಡಿಯಲ್ಲೂ ನೂರಾ ನಲವತ್ತಾರು ಎಂದು ದಪ್ಪಕ್ಷರದಲ್ಲಿ ಅಚ್ಚಾಗಿದೆ.

ಇಷ್ಟಕ್ಕೇ ನಿಲ್ಲಿಸಿ, ಬಡ ಮೇಷ್ಟ್ರ ಮಗಳ ಸಾಧನೆ ಎಂದು ಒಂದು ಪುಟ ತುಂಬಿಸಬಹುದಿತ್ತು. ಆದರೆ ಒಂದು ಪ್ರಶ್ನೆ ನನ್ನನ್ನು ಬಿಡಲಿಲ್ಲ. ಐದು ವರ್ಷದ ಹಿಂದೆ ಮುಗಿದ ಕೆಲಸದ ಅದೇ ಬೋರ್ಡನ್ನು ಏಳು ತಿಂಗಳಿಂದ ಕತ್ತಲಲ್ಲಿ ಬಂದು ಯಾಕೆ ಅಳೆಯುತ್ತಿದ್ದಾರೆ? ಏನನ್ನೋ ಮುಚ್ಚುತ್ತಿದ್ದಾರೆ ಎಂದೇ ನನಗನಿಸಿತ್ತು. ಎರಡನೆಯ ದಿನ ಆರು ಹೊಡೆಯುವ ಹೊತ್ತಿಗೆ ನೇರವಾಗಿ ಕೇಳಿಬಿಟ್ಟೆ.

ಅವರು ಉತ್ತರಿಸುವ ಮೊದಲೇ ಗೋಡೆಯಾಚೆ ಧಡ್ ಎಂದು ಸದ್ದಾಗಿ ಮೋಟರೊಂದು ಗೊರಗುಟ್ಟತೊಡಗುತ್ತದೆ. ಪರದೆಯ ಮೇಲಿನ ನುಣುಪು ಗೆರೆ ಮೈತುಂಬ ಮುಳ್ಳೆದ್ದಂತೆ ಒರಟಾಗುತ್ತದೆ. ಅನ್ನಪೂರ್ಣ ಬೆರಳಿಟ್ಟು ತೋರಿಸುತ್ತಾರೆ.

“ನೋಡಿದ್ರ್ಯಾ? ಇದ ನನ್ನ ಪೇಪರು. ಗುಟ್ಟು ಮುಚ್ಚಿದ್ದು ನನ್ನ ಸರ್ಕ್ಯೂಟ್ ಅಲ್ರಿ. ಬಾಜೂ ಮನೀ ಬೋರ್‌ವೆಲ್ಲು.”

ಲೆಕ್ಕದಲ್ಲಿ ಮೋಸ ಹುಡುಕಿಕೊಂಡು ಬಂದವನಿಗೆ ಅಳತೆಯೇ ತಪ್ಪೆಂದು, ಅದೂ ಅವರ ಬಾಯಿಂದಲೇ, ಕೇಳಬೇಕಾಗಿದೆ.

ಕಳೆದ ಮಾರ್ಚಿನಲ್ಲಿ ಪೋಲೆಂಡಿನ ವಿದ್ಯಾರ್ಥಿಯೊಬ್ಬನಿಂದ ಇ-ಮೇಲ್ ಬಂತಂತೆ. ನಿಮ್ಮ ಸರ್ಕ್ಯೂಟನ್ನು ಹಾಗೆಯೇ ಕಟ್ಟಿದ್ದೇನೆ, ಗುಟ್ಟು ಸೋರುತ್ತಿದೆ, ನಾನು ಎಲ್ಲಿ ತಪ್ಪಿದೆ ತಿಳಿಸಿ ಎಂದು ವಿನಯದಿಂದ ಕೇಳಿದ್ದ. “ಮೂರು ದಿನ ಸಿಟ್ಟಿನಾಗ ಇದ್ದೆ. ಇವ ಎಲ್ಲೋ ಬೆಸುಗಿ ಸರಿ ಹಾಕಿಲ್ಲ, ಮ್ಯಾಲೆ ನನಗ ಕೇಳ್ತಾನ ಅಂತ. ನಾಕನೇ ದಿನ ಚಲುವರಾಜು ಅವರ ಹಳೇ ಅಳತಿ ಪುಸ್ತಕ ತಗದೆ.”

ಆ ಪುಸ್ತಕವನ್ನು ನಾನೂ ನೋಡುತ್ತೇನೆ. ಚಲುವರಾಜು ಪ್ರತಿ ಪುಟದಲ್ಲೂ ತಾರೀಖಿನ ಪಕ್ಕ ಕನ್ನಡದಲ್ಲಿ ವಾರವನ್ನೂ ಬರೆದಿದ್ದಾರೆ. ರಕ್ಷಣೆ ಇಲ್ಲದ ಸಾದಾ ಬೋರ್ಡಿನ ಅಳತೆಗಳು ೨೦೦೧ರ ಜುಲೈನವು. ಸೋಮವಾರ, ಸೋಮವಾರ, ಸೋಮವಾರ. ಜೋಡಿ ಸರ್ಕ್ಯೂಟಿನ ಅಳತೆಗಳು ಸೆಪ್ಟೆಂಬರಿನವು. ಎಲ್ಲವೂ ಬುಧವಾರ. ಕಾರಣ ಸರಳ. ಜುಲೈನಲ್ಲಿ ಮೇಡಂಗೆ ಸೋಮವಾರ ಪಾಠ ಇರಲಿಲ್ಲ. ಹೊಸ ಟೈಮ್‌ಟೇಬಲ್ ಬಂದ ಮೇಲೆ ಬುಧವಾರ ಬಿಡುವಾಯಿತು. ಸೋಮವಾರದ ಗೆರೆಗಳೆಲ್ಲ ನುಣುಪು, ಬುಧವಾರದವೆಲ್ಲ ಒರಟು. ಪಕ್ಕದ ಮೋಟರ್ ಸೋಮವಾರ ಮಾತ್ರ ಓಡುವುದಿಲ್ಲ ಎನ್ನುತ್ತಾರೆ ಅನ್ನಪೂರ್ಣ.

“ಒರಟು ಕಂಡಾಗ ಡೌಟು ಬರಲಿಲ್ಲವೇ?” ಎಂದು ಕೇಳುತ್ತೇನೆ.

“ಖುಷಿ ಬಂತ್ರಿ. ಅದು ನನ್ನ ಸರ್ಕ್ಯೂಟಿನ ಗುಣ ಅಂದ್ಕೊಂಡೆ. ನಮಗ ಬೇಕಾದ ಉತ್ತರ ಬಂದ ಮ್ಯಾಲೆ ಯಾರು ಡೌಟ್ ಮಾಡ್ತಾರ? ಬ್ಯಾಡಾದ ಉತ್ತರ ಬಂದಿದ್ರ ಊರೆಲ್ಲಾ ಹುಡುಕ್ತಿದ್ದೆ, ಮೋಟರ್ ಅವತ್ತೇ ಸಿಗ್ತಿತ್ತು.”

ಹೇಳಿದ್ದನ್ನೆಲ್ಲ ನಂಬುವ ಜಾಯಮಾನ ನನ್ನದಲ್ಲ. ಸೋಮವಾರ ಮಾತ್ರ ಮೋಟರ್ ನಿಲ್ಲುವುದೆಂದರೇನು, ಇದೂ ಒಂದು ಕಟ್ಟುಕಥೆ ಇರಬಾರದೇಕೆ? ಕಾಲೇಜಿನ ಹಿಂದಿನ ಕಾಂಪೌಂಡಿಗೆ ಹೋಗುತ್ತೇನೆ. ಅಲ್ಲಿ ನೀರಿನ ಟ್ಯಾಂಕರೊಂದು ತುಂಬಿಕೊಳ್ಳುತ್ತಿದೆ. ಪಕ್ಕದಲ್ಲಿ ಹಲ್ಲುಜ್ಜುತ್ತ ನಿಂತವರು ಮುನಿಯಣ್ಣ. ಈ ಬಡಾವಣೆಯೆಲ್ಲ ರಾಗಿ ಹೊಲವಾಗಿದ್ದಾಗ ಇದು ಅವರ ಮನೆತನದ ನೆಲ. ಈಗ ಉಳಿದಿರುವುದು ನಾಲ್ಕು ಬಾಡಿಗೆ ಮನೆ, ಒಂದು ಬೋರ್‌ವೆಲ್ಲು. ಪದ್ಮನಾಭನಗರದಿಂದ ಅಂಜನಾಪುರದವರೆಗೂ ಟ್ಯಾಂಕರಿನಲ್ಲಿ ನೀರು ಕಳಿಸುತ್ತಾರೆ. ನಾನು ಕಾಲೇಜಿನ ವಿಷಯವನ್ನೇ ಎತ್ತದೆ, ಸೋಮವಾರ ನೀರು ಬೇಕಿತ್ತು ಎನ್ನುತ್ತೇನೆ.

“ಸ್ವಾಮ್ವಾರ ಇಲ್ಲ ಸಾರ್. ಮಂಗಳ್ವಾರ ಬೆಳಿಗ್ಗೆ ಆರಕ್ಕೆ ಫಸ್ಟ್ ಲೋಡ್ ನಿಮ್ದೇ.”

“ಸೋಮವಾರ ಯಾಕಿಲ್ಲ?”

“ಬಸವಣ್ಣನ ದಿನ ಅಲ್ವಾ? ನಮ್ಮಪ್ಪ, ನಮ್ಮ ತಾತ ಯಾರೂ ಸ್ವಾಮ್ವಾರ ಎತ್ತಿಗೆ ನೊಗ ಕಟ್ದೋರಲ್ಲ. ಈಗ ಎತ್ತೆಲ್ಲೈತೆ? ಹೊಲ್ವೇ ಇಲ್ಲ. ಮೋಟ್ರೇ ನಮ್ ಎತ್ತು. ವಾರವೆಲ್ಲ ದುಡಿಯುತ್ತೆ, ಅದುಕ್ಕೂ ಒಂದಿನ ರಜ ಬ್ಯಾಡ್ವಾ?” ಎಂದು ಬಾಯಿ ಮುಕ್ಕಳಿಸಿ, ನನ್ನನ್ನು ಮೇಲಿಂದ ಕೆಳಕ್ಕೆ ನೋಡುತ್ತಾರೆ. “ಆ ಕಾಲೇಜ್ ಮೇಡಮ್ಮೂ ಇದೇ ಕೇಳುದ್ರು. ನೀವೂ ಕೇಳ್ತೀರ. ಏನ್ ಸಾರ್ ವಿಷ್ಯ? ಬೋರ್ ಸೀಲ್ ಮಾಡ್ಸೋಕೆ ಬಂದಿದೀರಾ?”

ಅಲ್ಲಪ್ಪಾ ಎಂದು ಅವರನ್ನು ನಂಬಿಸಲು ನನಗೆ ಒಂದು ಟೀ ಕುಡಿಯುವಷ್ಟು ಹೊತ್ತು ಬೇಕಾಯಿತು. ಸಂಶಯಪಡುವುದು ನನ್ನೊಬ್ಬನ ಗುತ್ತಿಗೆಯಲ್ಲ ಎಂದು ಆಗ ಗೊತ್ತಾಯಿತು.

ಇನ್ನೂ ಒಂದು ಪರೀಕ್ಷೆ ಉಳಿದಿತ್ತು. ಬರುವ ಗುರುವಾರ ನನ್ನೆದುರೇ ನಿಮ್ಮ ಬೀಗವನ್ನು ನೀವೇ ಒಡೆದು ತೋರಿಸಿ ಎಂದೆ. ಅವರು ಒಪ್ಪಿದರು. ಗುಟ್ಟಿನ ಅಂಕಿಗಳು ಹದಿನಾರು, ಇನ್ನೂರೈವತ್ತೈದನ್ನು ಮೀರಬಾರದು, ನಾನೇ ಆರಿಸಬೇಕು. ನಾನು ಓಡಾಡಿದ ಬಸ್ಸುಗಳ ನಂಬರುಗಳನ್ನೇ ಹಾಕಿದೆ. ೨೦೧, ೧೫, ೨೧೦, ೪೫, ೬೦, ಹೀಗೆ. ಕಂಪ್ಯೂಟರಿನಿಂದ ಅವು ಬೋರ್ಡಿಗೆ ಹೋಗುವಾಗ ಅನ್ನಪೂರ್ಣ, ಚಲುವರಾಜು ಇಬ್ಬರನ್ನೂ ಕಾರಿಡಾರಿಗೆ ಕಳಿಸಿ ಬಾಗಿಲು ಹಾಕಿಕೊಂಡೆ. ಆ ಕಂಪ್ಯೂಟರಿನಲ್ಲಿ ನಂಬರು ಉಳಿದುಕೊಂಡರೆ ಎಂದು ನಾನು ಅನುಮಾನಿಸುವ ಮೊದಲೇ ಚಲುವರಾಜು ಅದರ ವೈರು ಕಿತ್ತು, ಅದನ್ನು ಎತ್ತಿಕೊಂಡು ಹೋಗಿ ಕಾವಲುಗಾರನ ಕೋಣೆಯಲ್ಲಿಟ್ಟು ಬಂದರು. “ನಿಮ್ ಮುಖ ನೋಡುದ್ರೇ ಗೊತ್ತಾಗುತ್ತೆ ಸಾರ್,” ಎಂದರು.

ನಾಲ್ಕು ಮುಕ್ಕಾಲಿಗೆ ಅಳತೆ ಶುರು. ಸೆಕೆಂಡಿಗೆರಡು ಸಲ ಗೆರೆ ಮೂಡುತ್ತದೆ, ಅಳಿಯುತ್ತದೆ. ಆರು ಸಾವಿರ ದಾಟುವ ಹೊತ್ತಿಗೆ, ಐದೂ ಮುಕ್ಕಾಲರ ಸುಮಾರಿಗೆ, ಇನ್ನೊಂದು ಪರದೆಯ ಮೇಲೆ ಅಂಕಿಗಳು ಬರತೊಡಗುತ್ತವೆ. ೨೦೧. ೧೫. ೨೧೦. ನಾನು ಜೇಬಿನ ಚೀಟಿ ತೆಗೆದು ಹಿಡಿಯುತ್ತೇನೆ. ಹದಿನಾರಕ್ಕೆ ಹದಿನಾರೂ ಸರಿ. ಆರಕ್ಕೆ ಮೋಟರ್ ಶುರುವಾಗುತ್ತದೆ. ಅದೇ ಬೋರ್ಡು, ಅದೇ ಅಂಕಿಗಳು. ಒಂಬತ್ತು ಗಂಟೆಯವರೆಗೆ ಕಾದು ಇಪ್ಪತ್ತು ಸಾವಿರ ಸಲ ಅಳೆದರೂ ಪರದೆಯ ಮೇಲೆ ಬರೀ ಕಸ. ತಾವೇ ಕಟ್ಟಿದ ಬೀಗವನ್ನು ಒಡೆದ ಹೆಂಗಸಿನ ಮುಖ ಹೇಗಿರುತ್ತದೆಂದು ನೋಡಬೇಕೆಂದಿದ್ದೆ. ಅವರು ಟಿಫಿನ್ ಡಬ್ಬಿ ತೆಗೆದು ನನಗೊಂದು ರೊಟ್ಟಿ ಕೊಡುತ್ತಾರೆ.

ಪ್ರಬಂಧ ಅಚ್ಚಾದ ನಿಯತಕಾಲಿಕಕ್ಕೆ ಕಳಿಸಬೇಕಾದ ತಿದ್ದುಪಡಿ ಪತ್ರ ಸಿದ್ಧವಾಗಿದೆ ಎನ್ನುತ್ತಾರೆ. ಎರಡು ಪುಟ. ಎಲ್ಲಿ ತಪ್ಪಾಯಿತು, ಹೇಗೆ ತಪ್ಪಾಯಿತು, ಮುನಿಯಣ್ಣನವರ ಸೋಮವಾರ ಸಮೇತ ಎಲ್ಲವೂ ಇದೆ. ಕಳಿಸಿಲ್ಲ. ನನಗೆ ಮತ್ತೆ ಕಿವಿ ನೆಟ್ಟಗಾಗುತ್ತದೆ. ಬರೆದು ಡ್ರಾಯರಿನಲ್ಲಿಟ್ಟ ಪ್ರಾಮಾಣಿಕತೆಯನ್ನು ಈ ಊರಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. ಯಾಕೆ ಕಳಿಸಿಲ್ಲ ಎಂದರೆ ಅವರು ವಿಭಾಗದ ಮುಖ್ಯಸ್ಥ ಗೌರೀಶಂಕರ ಅವರ ಕೋಣೆಯ ಕಡೆ ನೋಡುತ್ತಾರೆ.

ಗೌರೀಶಂಕರ ಕೆಟ್ಟವರಂತೆ ಕಾಣುವುದಿಲ್ಲ. ಕಾಫಿ ತರಿಸುತ್ತಾರೆ, ಬಾಗಿಲು ಹಾಕುತ್ತಾರೆ. “ನೋಡಿ ಸಾರ್, ತಪ್ಪು ಅಂತ ಅವ್ರೇ ಹೇಳ್ತಿದಾರೆ, ಗ್ರೇಟ್. ನಾನು ಬೇಡ ಅಂದಿಲ್ಲ. ಟೈಮಿಂಗ್ ನೋಡಿ ಅಂದೆ, ಅಷ್ಟೇ. ಹನ್ನೊಂದು ವರ್ಷದಿಂದ ಕಾಯ್ತಿದಾರೆ. ನಾಲ್ಕನೇ ತಾರೀಖು ಇಂಟರ್‌ವ್ಯೂ ಮುಗೀಲಿ, ಐದನೇ ತಾರೀಖು ಕಳಿಸ್ಲಿ. ಐದು ವರ್ಷ ಇದ್ದ ತಪ್ಪು ಒಂದು ತಿಂಗ್ಳು ಜಾಸ್ತಿ ಇದ್ರೆ ಯಾರು ಸಾಯ್ತಾರೆ? ನೀವೇ ಹೇಳಿ.” ಹೆಸರಿಲ್ಲದ ಪತ್ರದ ಬಗ್ಗೆ ಕೇಳಿದಾಗ ಅವರ ಮುಖದಲ್ಲಿ ಏನಾದರೂ ಕದಲುತ್ತದೆಯೇ ಎಂದು ದಿಟ್ಟಿಸಿ ನೋಡಿದೆ. ಏನೂ ಕದಲಲಿಲ್ಲ. ಆ ಪತ್ರ ಯಾರದೆಂದು ಇವತ್ತಿಗೂ ಗೊತ್ತಾಗಿಲ್ಲ.

ನಿಜ ಹೇಳಲೇ? ಗೌರೀಶಂಕರರ ಮಾತು ನನಗೂ ಸರಿಯೆನಿಸಿತು. ಅನ್ನಪೂರ್ಣ ಅವರಿಗೂ ಅನಿಸಿತ್ತಂತೆ. “ನಾ ಏನ್ ದೇವರಲ್ರಿ. ಒಂದು ತಿಂಗಳು ಸುಮ್ನಿದ್ದು ಬಿಡೂಣು ಅಂತ ನನಗೂ ಆಸೆ ಇತ್ತು. ಇನ್ನೂ ಸ್ವಲ್ಪ ಅಳತಿ ಬಾಕಿ ಐತಿ, ಇನ್ನೂ ಖಾತ್ರಿ ಆಗಬೇಕು ಅಂತ ದಿನಾ ನನಗ ನಾನೇ ಹೇಳ್ಕೊಂತಿದ್ದೆ. ಖಾತ್ರಿ ಆಗಸ್ಟಿನಾಗ ಆಗಿತ್ತು.”

ನವೆಂಬರ್ ಹನ್ನೆರಡರ ಬೆಳಿಗ್ಗೆ ನಾನು ಹೋದಾಗ ಅವರು ಆಸಿಲೋಸ್ಕೋಪು ಹಚ್ಚಿಲ್ಲ, ಕಂಪ್ಯೂಟರಿನ ಮುಂದೆ ಕೂತಿದ್ದಾರೆ. ಹಿಂದಿನ ಸಂಜೆ ಕೊಯಮತ್ತೂರಿನಿಂದ ಎಂ.ಟೆಕ್. ವಿದ್ಯಾರ್ಥಿನಿಯೊಬ್ಬಳು ಬರೆದಿದ್ದಾಳೆ. ನಿಮ್ಮ ಜೋಡಿ ಸರ್ಕ್ಯೂಟಿನ ಮೇಲೆಯೇ ನನ್ನ ಪ್ರಾಜೆಕ್ಟ್ ಕಟ್ಟುತ್ತಿದ್ದೇನೆ, ಹಳೆಯ ಅಳತೆಗಳನ್ನು ದಯವಿಟ್ಟು ಕಳಿಸಿಕೊಡಿ ಎಂದು. ಆ ಇ-ಮೇಲನ್ನು ನನಗೆ ಎರಡು ಸಲ ಓದಿ ಹೇಳುತ್ತಾರೆ.

“ಇಕಿಗೆ ಏನಂತ ಬರೀಲ್ರಿ? ಅಳತಿ ಕಳಿಸಿದ್ರ ಸುಳ್ಳು ಕೊಟ್ಟಂಗ. ಸುಮ್ನಿದ್ರ ಇಕಿ ವರ್ಷ ಹಾಳು. ಐದನೇ ತಾರೀಖಿನ ತನಕ ತಡಿಯವ್ವಾ, ನನಗೊಂದು ಇಂಟರ್‌ವ್ಯೂ ಐತಿ ಅಂತ ಬರೀಲ್ಯಾ?”

ಅವರು ಹುಡುಗಿಗೆ, ಆ ಅಳತೆಗಳೇ ತಪ್ಪು ಎಂದು ಆರು ಸಾಲು ಬರೆಯುತ್ತಾರೆ. ಆಮೇಲೆ ತಿದ್ದುಪಡಿ ಪತ್ರವನ್ನು ತೆರೆದು, ಒಂದು ಅಲ್ಪವಿರಾಮ ಸರಿಮಾಡಿ, ಕಳಿಸುವ ಗುಂಡಿ ಒತ್ತುತ್ತಾರೆ. ನಾನು ಅವರ ಹೆಗಲ ಮೇಲಿಂದ ಬಗ್ಗಿ, ಹೋಯಿತೋ ಇಲ್ಲವೋ ಎಂದು ಕಳಿಸಿದ ಪತ್ರಗಳ ಪಟ್ಟಿ ತೆಗೆಸಿ ನೋಡುತ್ತೇನೆ. ಹೋಗಿದೆ. ಚಲುವರಾಜು ಮೂಲೆಯಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾರೆ. ಅವರ ಬೆಸುಗೆಯೂ ಅದರೊಳಗೆ ಸೇರಿತ್ತಲ್ಲ.

ಅಂದಿನಿಂದ ಬೆಳಗಿನ ಕೆಲಸ ಬದಲಾಗಿದೆ. ನಿಯತಕಾಲಿಕದಲ್ಲಿ ತಿದ್ದುಪಡಿ ಅಚ್ಚಾಗಲು ತಿಂಗಳುಗಳು ಬೇಕು. ಅಚ್ಚಾದರೂ ಯಾರು ನೋಡುತ್ತಾರೆ? ಹಾಗಾಗಿ ತಮ್ಮವೇ ಒಂಬತ್ತನ್ನು ಬಿಟ್ಟು ಉಳಿದ ನೂರಾ ಮೂವತ್ತೇಳು ಪ್ರಬಂಧಗಳ ಲೇಖಕರಿಗೆ ಒಬ್ಬೊಬ್ಬರಿಗೇ ಪತ್ರ ಬರೆಯುತ್ತಿದ್ದಾರೆ. ದಿನಕ್ಕೆ ನಾಲ್ಕು. ಒಂದೇ ಪತ್ರವನ್ನು ಎಲ್ಲರಿಗೂ ಕಳಿಸಬಹುದಲ್ಲ ಎಂದರೆ ಒಪ್ಪುವುದಿಲ್ಲ. ಪ್ರತಿಯೊಬ್ಬರ ಪ್ರಬಂಧವನ್ನೂ ಓದಿ, ನನ್ನ ತಪ್ಪಿನಿಂದ ನಿಮ್ಮ ಇಂಥ ಪುಟದ ಇಂಥ ಮಾತು ಹೋಗುತ್ತದೆ, ಇಂಥದ್ದು ಉಳಿಯುತ್ತದೆ ಎಂದು ಬರೆಯುತ್ತಾರೆ. ಇ-ಮೇಲ್ ವಿಳಾಸ ಸತ್ತುಹೋದವರಿಗೆ ಅಂಚೆ. ಡಿಸೆಂಬರ್ ಮೂರರ ಹೊತ್ತಿಗೆ ಎಂಬತ್ತೆರಡು ಹೋಗಿವೆ, ಇಪ್ಪತ್ತಾರು ಉತ್ತರ ಬಂದಿವೆ. ಇಬ್ಬರು ಬೈದಿದ್ದಾರೆ. ಒಬ್ಬರು ಇದು ಹುಡುಗಾಟದ ಮೇಲ್ ಇರಬೇಕೆಂದು ಸಂಶಯಪಟ್ಟು ಕಾಲೇಜಿಗೇ ಫೋನ್ ಮಾಡಿ ವಿಚಾರಿಸಿದ್ದಾರೆ. ಆ ಕೊನೆಯವರ ಮೇಲೆ ನನಗೆ ಗೌರವ ಮೂಡಿತು.

ಸಂದರ್ಶನಕ್ಕೆ ಕೊಡಬೇಕಾದ ಅರ್ಜಿಯಲ್ಲಿ ಅವರ ಹತ್ತೊಂಬತ್ತು ಪ್ರಬಂಧಗಳಿದ್ದವು. ಆ ಹೆಸರಾಂತ ಪ್ರಬಂಧವಿದ್ದ ಮೂರನೆಯ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಕೆಂಪು ಗೆರೆ ಎಳೆದಿದ್ದಾರೆ. ಉಳಿದ ಹದಿನೆಂಟಕ್ಕೆ ಎಲ್ಲ ಸೇರಿ ಮೂವತ್ತೊಂದು ಉಲ್ಲೇಖ.

ನಾಲ್ಕನೇ ತಾರೀಖು ನಾನು ಆಡಳಿತ ಕಟ್ಟಡದ ಮೆಟ್ಟಿಲ ಮೇಲೆ ಕಾಯುತ್ತೇನೆ. ಇಳಕಲ್ ಸೀರೆ ಉಟ್ಟು ಒಳಗೆ ಹೋದವರು ಹದಿನೈದು ನಿಮಿಷ ಕಳೆದು ಹೊರಬರುತ್ತಾರೆ. ಏನು ಕೇಳಿದರು ಎನ್ನುತ್ತೇನೆ.

“ನಿಮ್ಮ ಭಾಳ ಮುಖ್ಯ ಕೊಡುಗೆ ಯಾವುದು ಅಂದ್ರು. ನನ್ನ ಪೇಪರ್ ತಪ್ಪು ಅಂತ ಕಂಡುಹಿಡಿದಿದ್ದು ಅಂದೆ. ಒಬ್ರು ನಕ್ಕರು, ಜೋಕ್ ಅಂದ್ಕೊಂಡು. ಆಮ್ಯಾಲೆ ಯಾರೂ ನಗಲಿಲ್ಲ.”

ಏಳನೇ ತಾರೀಖು ಆಯ್ಕೆ ಪಟ್ಟಿ ಗೋಡೆಗೆ ಬಿತ್ತು. ಅದರಲ್ಲಿ ಅವರ ಹೆಸರಿಲ್ಲ. ಆಯ್ಕೆಯಾದವರ ಉಲ್ಲೇಖಗಳನ್ನು ಎಣಿಸಲು ನಾನು ಜಯನಗರಕ್ಕೆ ಹೋಗಬೇಕೆಂದಿದ್ದೆ. ಅನ್ನಪೂರ್ಣ ಬೇಡವೆಂದರು. “ಅವ್ರ ಏನ್ ಮಾಡ್ಯಾರ್ರಿ? ಬಿಡ್ರಿ, ಸಾಕು.” ಆಗ ಅವರ ದನಿ ಒಡೆಯಿತು. ಹನ್ನೊಂದು ವರ್ಷ ಕಾದದ್ದು ಹೋಯಿತೆಂಬ ದುಃಖ ಇದ್ದೇ ಇದೆ. ಅದನ್ನು ಅವರು ನನ್ನಿಂದ ಮುಚ್ಚಿಡಲಿಲ್ಲ. ನನಗೂ ಸಿಟ್ಟು ಬಂದಿತ್ತು. ಯಾರ ಮೇಲೆ ಎಂದು ಈಗಲೂ ಸರಿಯಾಗಿ ಹೇಳಲಾರೆ.

ಇದನ್ನು ಬರೆಯುವ ಹಿಂದಿನ ದಿನ ಕಡೆಯ ಸಲ ಹೋಗಿದ್ದೆ. ಅನ್ನಪೂರ್ಣ ಅಂದಿನ ಮೊದಲ ಪತ್ರಕ್ಕೆ ಕೂರುವ ಮುನ್ನ ಆ ಹಳೆಯ ಪ್ರಬಂಧದ ಉಲ್ಲೇಖಗಳ ಪುಟ ತೆರೆಯುತ್ತಾರೆ. ಮೂರು ವರ್ಷ ದಿನಾ ತೆರೆದಿದ್ದಾರಂತೆ, ಒಂದಾದರೂ ಏರಿದೆಯೇ ಎಂಬ ಆಸೆಯಿಂದ. ಪುಟ ನಿಧಾನವಾಗಿ ಬರುತ್ತದೆ. ಅವರು ಉಸಿರು ಬಿಗಿಹಿಡಿದು ಕಾಯುತ್ತಾರೆ. ನೂರಾ ನಲವತ್ತಾರು. ಜ್ವರದಲ್ಲಿ ಮಲಗಿದ ಮಗುವಿನ ಹಣೆ ಮುಟ್ಟಿ ನೋಡಿದ ತಾಯಿ ಮನೆಯವರಿಗೆ ಹೇಳುವ ಹಾಗೆ, ನನ್ನ ಮತ್ತು ಚಲುವರಾಜು ಅವರ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ:

“ಏರಿಲ್ರಿ.”